ಸಿಕ್ಕಿದ ಮನೆಯೆಲ್ಲ ಸೆಟ್ ಅಲ್ಲ

"ಮನೆ ಸಿಕ್ಕಿದೆಯಲ್ಲ, ಇನ್ನು ಸೆಟ್ ಕೆಲಸ ಏನಿದೆ?"

ಹನ್ನೊಂದು ವರ್ಷಗಳಿಂದ ಸಿನಿಮಾದ ಕಲಾ ವಿಭಾಗದಲ್ಲಿ ಸೆಟ್ ಡ್ರೆಸ್ಸಿಂಗ್ ಮಾಡುತ್ತಿದ್ದೇನೆ. ಈ ಮಾತನ್ನು ನಾನು ಅತಿ ಹೆಚ್ಚು ಕೇಳಿರುವುದು ನನ್ನದೇ ಊರಾದ ಕೊಡಗಿನಲ್ಲಿ. ಬೆಂಗಳೂರಿನ ಸ್ಟುಡಿಯೋದಲ್ಲಿ ನಾಲ್ಕು ಪ್ಲೈವುಡ್ ಗೋಡೆ ನಿಲ್ಲಿಸಿದರೆ ಒಳಗೆ ಸಾಮಾನು ಬೇಕೆಂಬುದು ಯಾರಿಗೂ ಹೇಳಬೇಕಾಗಿಲ್ಲ. ಅದೇ ತಂಡ ಕುಶಾಲನಗರ ದಾಟಿ ಗುಡ್ಡ ಹತ್ತತೊಡಗಿದರೆ ಸಾಕು, ಎಲ್ಲವೂ ಸಿದ್ಧವಾಗಿಯೇ ಕಾದಿದೆ ಎಂದುಕೊಳ್ಳುತ್ತದೆ. ಮಂಜು ಇದೆ, ತೋಟ ಇದೆ, ಹೆಂಚಿನ ಮನೆ ಇದೆ, ಕ್ಯಾಮೆರಾ ಇಟ್ಟರೆ ಮುಗಿಯಿತು ಎನ್ನುತ್ತಾರೆ. ಕಲಾ ವಿಭಾಗಕ್ಕೆ ಕೊಟ್ಟ ಎರಡು ದಿನ ಒಂದಾಗುತ್ತದೆ, ಆ ಒಂದು ದಿನ ಒಂದು ಮಧ್ಯಾಹ್ನವಾಗುತ್ತದೆ. ಇದರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಈ ಕೆಲಸ ಏನೆಂದು ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಚಿತ್ರದ ಒಟ್ಟು ರೂಪ, ಕಾಲ, ಗೋಡೆ, ಬಣ್ಣ ಇವೆಲ್ಲ ಕಲಾ ನಿರ್ದೇಶಕರ ಹೊಣೆ. ಪಾತ್ರಧಾರಿ ಕೈಯಲ್ಲಿ ಹಿಡಿದು ಬಳಸುವ ವಸ್ತುವನ್ನು ಪ್ರಾಪರ್ಟಿ ಎನ್ನುತ್ತೇವೆ. ಯಾರೂ ಮುಟ್ಟದೆ, ಆದರೆ ಚೌಕಟ್ಟಿನೊಳಗೆ ಸುಮ್ಮನೆ ಇರುವುದೆಲ್ಲ ಸೆಟ್ ಡ್ರೆಸ್ಸಿಂಗ್. ನಾಯಕಿ ನೀರು ಕುಡಿಯುವ ಲೋಟ ಪ್ರಾಪರ್ಟಿ, ಅವಳ ಹಿಂದಿನ ಕಪಾಟಿನಲ್ಲಿರುವ ಹನ್ನೆರಡು ಲೋಟಗಳು ನಮ್ಮವು. ಆ ಹನ್ನೆರಡೂ ಒಂದೇ ಅಂಗಡಿಯಿಂದ ತಂದ ಹೊಸ ಲೋಟಗಳಾದರೆ ಆ ಮನೆಯಲ್ಲಿ ಮೂವತ್ತು ವರ್ಷಗಳಿಂದ ಅಡುಗೆ ನಡೆದಿದೆ ಎಂದು ಯಾರು ನಂಬುತ್ತಾರೆ? ಎರಡು ಲೋಟ ನಗ್ಗಿರಬೇಕು. ಒಂದರ ಮೇಲೆ ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು ಕೆತ್ತಿರಬೇಕು. ಒಂದು ಬೇರೆ ಜೋಡಿಯದಾಗಿರಬೇಕು, ಪಕ್ಕದ ಮನೆಯಿಂದ ಬಂದು ವಾಪಸು ಹೋಗದೆ ಉಳಿದದ್ದು.

ಕಳೆದ ವರ್ಷ ಒಂದು ಚಿತ್ರಕ್ಕಾಗಿ ಮಡಿಕೇರಿ ತಾಲ್ಲೂಕಿನ ಒಂದು ಹಳೆಯ ತೋಟದ ಮನೆಯಲ್ಲಿ ಕೆಲಸ ಮಾಡಿದೆ. ಕಥೆ ನಡೆಯುವುದು 1974ರಲ್ಲಿ. ಮೊದಲು ಬೇಕಾದದ್ದು ಕ್ಯಾಲೆಂಡರ್. 1974 ಮತ್ತು 2019 ಎರಡೂ ಮಂಗಳವಾರದಿಂದ ಶುರುವಾದ ವರ್ಷಗಳು, ಎರಡೂ ಅಧಿಕ ವರ್ಷಗಳಲ್ಲ. ಆದ್ದರಿಂದ 2019ರ ಹಾಳೆಯಲ್ಲಿ ವಾರ ಮತ್ತು ತಾರೀಕು ಹಾಗೆಯೇ ಹೊಂದುತ್ತವೆ. ಹೊಂದದೇ ಇರುವುದು ಹಬ್ಬಗಳು. ಚಾಂದ್ರಮಾನದ ಯುಗಾದಿ, ಗಣೇಶ ಚೌತಿ ಬೇರೆ ದಿನಗಳಿಗೆ ಬಿದ್ದಿರುತ್ತವೆ. ಹಾಗಾಗಿ ಕೆಂಪು ಅಂಕಿಗಳನ್ನೆಲ್ಲ ಅಳಿಸಿ ಹೊಸದಾಗಿ ಮುದ್ರಿಸಿದೆವು. ಆಮೇಲೆ ಹಾಳೆಯನ್ನು ಕಾಫಿ ಕಷಾಯದಲ್ಲಿ ಅದ್ದಿ, ಒಣಗಿಸಿ, ಮೂಲೆಗಳನ್ನು ಬೆರಳಿನಿಂದ ಉಜ್ಜಿ ಹಳತು ಮಾಡಿದೆವು. ಒಂದು ತಾರೀಕಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು "ಹಸು" ಎಂದು ಬರೆದೆ. ಆ ಮನೆಯವರು ಹಸು ಗಬ್ಬವಾದ ದಿನವನ್ನು ಹಾಗೆಯೇ ಗುರುತು ಹಾಕುತ್ತಿದ್ದರಂತೆ. ಚಿತ್ರದಲ್ಲಿ ಅದು ಕಾಣುವುದು ಒಂದೂವರೆ ಸೆಕೆಂಡು.

ಮಹಡಿಯ ಕಚೇರಿ ಕೋಣೆಗೆ ಯಾರೋ ಕಾರ್ಯಪ್ಪನವರ ಚಿತ್ರ ತಂದಿದ್ದರು. ಕೊಡಗಿನ ಮನೆ ಎಂದಮೇಲೆ ಇರಲೇಬೇಕೆಂಬ ಒಳ್ಳೆಯ ಉದ್ದೇಶ ಅವರದು. ಆದರೆ ಆ ಚಿತ್ರದಲ್ಲಿ ಅವರ ಕೈಯಲ್ಲಿ ಫೀಲ್ಡ್ ಮಾರ್ಷಲ್ ದಂಡವಿತ್ತು. ಆ ಪದವಿ ಅವರಿಗೆ ಸಂದದ್ದು 1986ರಲ್ಲಿ. 1974ರ ಗೋಡೆಯ ಮೇಲೆ ಅದು ಹೇಗೆ ಬಂತು? ಅದನ್ನು ತೆಗೆದು, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರ ಚಿತ್ರ ಹಾಕಿದೆವು. ಚೌಕಟ್ಟಿನ ಗಾಜು ದೀಪದ ಬೆಳಕಿಗೆ ಹೊಳೆಯುತ್ತಿತ್ತು. ಮೇಲ್ಭಾಗದ ಹಿಂದೆ ಮಡಿಸಿದ ಕಾಗದ ಸಿಕ್ಕಿಸಿ ತುಸು ಮುಂದಕ್ಕೆ ಬಾಗಿಸಿದರೆ ಹೊಳಪು ಹೋಗುತ್ತದೆ. ಮೇಜಿನ ಮೇಲಿನ ಕಾಗದಗಳಿಗೂ ಇಷ್ಟೇ ಎಚ್ಚರ ಬೇಕು. 1972ರ ಆಗಸ್ಟಿಗಿಂತ ಹಿಂದಿನ ಪತ್ರದ ಮೇಲೆ ಪಿನ್‌ಕೋಡ್ ಇರಬಾರದು. 1956ರ ನವೆಂಬರಿಗಿಂತ ಹಿಂದಿನ ಸರ್ಕಾರಿ ಕಾಗದದಲ್ಲಿ ಕೊಡಗು ಪ್ರತ್ಯೇಕ ರಾಜ್ಯ, ಅಲ್ಲಿಂದ 1973ರ ಅಕ್ಟೋಬರ್ ತನಕ ಮೈಸೂರು ರಾಜ್ಯ, ಆಮೇಲೆ ಕರ್ನಾಟಕ. ಆ ಕಾಲದ ಬೆಳೆಗಾರ ತನ್ನ ಕಾಫಿಯನ್ನು ಇಷ್ಟಬಂದ ವ್ಯಾಪಾರಿಗೆ ಮಾರುವಂತಿರಲಿಲ್ಲ, ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ದುಡ್ಡು ಕಂತುಗಳಲ್ಲಿ ಬರುತ್ತಿತ್ತು. ಹಾಗಾಗಿ ಅವನ ಮೇಜಿನ ಮೇಲೆ ನೋಟಿನ ಕಂತೆಯ ಬದಲು ಮೊಳೆಗೆ ಚುಚ್ಚಿದ ರಸೀದಿಗಳ ರಾಶಿ ಇಟ್ಟೆವು. ನಿರ್ದೇಶಕರು ಅದನ್ನು ನೋಡಿ, ಸಾಲದ ಮಾತು ಬರುವ ದೃಶ್ಯವನ್ನು ಆ ಮೇಜಿನ ಬಳಿಗೇ ತಂದರು. ನನಗೆ ಆ ವರ್ಷ ಸಿಕ್ಕ ದೊಡ್ಡ ಸಂತೋಷ ಅದು.

ಇಷ್ಟೆಲ್ಲ ಮಾಡಿ ಮುಗಿಸಿ, ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದೆ. ಸಂಜೆ ಆ ಮನೆಯ ಅಜ್ಜಿ ಕೋಲೂರಿಕೊಂಡು ಜಗಲಿಗೆ ಬಂದರು. ಎಂಬತ್ತು ದಾಟಿದವರು. ಎಲ್ಲವನ್ನೂ ನಿಧಾನವಾಗಿ ನೋಡಿ ಕೇಳಿದರು:

"ತೋಟದಿಂದ ಬಂದವರು ಕತ್ತಿ ಎಲ್ಲಿಡುತ್ತಾರೆ ಮಗಳೇ?"

ನನ್ನ ಬಳಿ ಉತ್ತರವಿರಲಿಲ್ಲ. ಗೋಡೆಯ ಮೇಲೆ ಅಂದವಾಗಿ ಒಡಿಕತ್ತಿ ತೂಗುಹಾಕಿದ್ದೆ. ಅದು ಹಬ್ಬಕ್ಕೆ, ಮದುವೆಗೆ, ಕೈಲ್‌ಪೋಳ್ದ್ ಎಂಬ ಕೊಡವರ ಆಯುಧ ಪೂಜೆಗೆ ಹೊರಬರುವ ಕತ್ತಿ. ದಿನವೂ ಕಪಾತು ಮಾಡುವ, ಬಳ್ಳಿ ಸವರುವ ಕತ್ತಿಯೇ ಆ ಮನೆಯಲ್ಲಿ ಇರಲಿಲ್ಲ.

"ಇಲ್ಲಿ" ಎಂದು ಅಜ್ಜಿ ಕೋಲಿನಿಂದ ಬಾಗಿಲ ಪಕ್ಕದ ಮೂಲೆ ತೋರಿಸಿದರು. "ಅದರ ಕೆಳಗೆ ಬೂಟು. ಮಳೆಗಾಲ ಅಲ್ಲವೇ ನಿಮ್ಮ ಕಥೆ? ಹಾಗಾದರೆ ಬಟ್ಟೆ ಎಲ್ಲಿ ಒಣಗುತ್ತಿದೆ? ಸೌದೆ ಎಲ್ಲಿ?"

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಮನೆ ಬೇರೆಯದೇ ಮನೆ. ಸೂರಿನಡಿ ಸೌದೆ ಒಟ್ಟಿರುತ್ತದೆ. ಒಲೆಯ ಮೇಲಿನ ಅಟ್ಟದ ಸುತ್ತ ಒದ್ದೆ ಬಟ್ಟೆ ನೇತಾಡುತ್ತದೆ, ಅದಕ್ಕೆಲ್ಲ ಹೊಗೆಯ ವಾಸನೆ ಹಿಡಿದಿರುತ್ತದೆ. ಚರ್ಮದ ಚಪ್ಪಲಿ, ಬೆಲ್ಟ್, ಪೆಟ್ಟಿಗೆಗಳ ಮೇಲೆ ಬೂಷ್ಟು. ಬಾಗಿಲ ಬಳಿ ಜಿಗಣೆಗೆಂದು ಉಪ್ಪು. ಇದು ನಾನು ಹುಟ್ಟಿ ಬೆಳೆದ ಮಳೆ. ಆದರೂ ಮನೆಯನ್ನು ಚೆಂದವಾಗಿಸುವ ಭರದಲ್ಲಿ ಮಳೆಯನ್ನು ಹೊರಗೇ ಬಿಟ್ಟಿದ್ದೆ. ಆ ರಾತ್ರಿ ಹತ್ತೂವರೆಯ ತನಕ ಅಜ್ಜಿ ಕುರ್ಚಿ ಹಾಕಿಕೊಂಡು ಕುಳಿತು ಹೇಳುತ್ತಾ ಹೋದರು, ನಾವು ಇಡುತ್ತಾ ಹೋದೆವು.

ಹಾಗಾಗಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ನಿಜವಾದ ಮನೆಯಲ್ಲಿ ಚಿತ್ರೀಕರಣ ಮಾಡುವಾಗ ಡ್ರೆಸ್ಸಿಂಗ್‌ಗೆ ಸ್ಟುಡಿಯೋಗಿಂತ ಹೆಚ್ಚು ದಿನ ಬೇಕು. ಸ್ಟುಡಿಯೋದಲ್ಲಿ ಖಾಲಿ ಗೋಡೆಯಿಂದ ಶುರು ಮಾಡುತ್ತೇವೆ. ಇಲ್ಲಿ ಇರುವವರ ಬದುಕನ್ನು ಮೊದಲು ತಿಳಿದು, ಅದರಲ್ಲಿ ಇಂದಿನದನ್ನು ಜೋಪಾನವಾಗಿ ತೆಗೆದಿಟ್ಟು, ಕಥೆಯವರ ಬದುಕನ್ನು ತಂದಿಡಬೇಕು. ಕೊನೆಗೆ ಎಲ್ಲವನ್ನೂ ಮೊದಲಿದ್ದಂತೆ ಮಾಡಿ ಹೋಗಬೇಕು. ಮೂರು ಕೆಲಸಗಳು.

ತಿಳಿಯದೆ ಕೆಲಸಕ್ಕಿಳಿದರೆ ಏನಾಗುತ್ತದೆ ಎಂಬುದಕ್ಕೆ ಕೆಲವು ವರ್ಷಗಳ ಹಿಂದಿನ ಒಂದು ಮದುವೆಯ ದೃಶ್ಯವೇ ಸಾಕ್ಷಿ. ಕೊಡವ ಮದುವೆ ಎಂದು ಚಿತ್ರಕಥೆಯಲ್ಲಿ ಬರೆದಿತ್ತು. ಬೆಂಗಳೂರಿನಿಂದ ಬಂದ ಲಾರಿಯಲ್ಲಿ ಹೋಮಕುಂಡ ಇಳಿಯಿತು. ಕೊಡವರ ಸಾಂಪ್ರದಾಯಿಕ ಮದುವೆಯಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ವಧುವರರು ಮುಕ್ಕಾಲಿಯ ಮೇಲೆ ಕುಳಿತುಕೊಳ್ಳುತ್ತಾರೆ, ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಅಲ್ಲಿ ಬೇಕಾದದ್ದು ದೀಪ, ಅಕ್ಕಿಯ ತಟ್ಟೆ, ಕಿಂಡಿ ಎನ್ನುವ ಕೊಳವೆಮೂತಿಯ ಪಾತ್ರೆಯಲ್ಲಿ ಹಾಲು, ಹೊರಗೆ ಕಡಿಯಲು ನೆಟ್ಟ ಬಾಳೆದಿಂಡು. ಲಾರಿ ತುಂಬ ತಂದ ಚೆಂಡುಹೂವಿಗಿಂತ ಇವೆಲ್ಲ ಅಗ್ಗವಾಗಿ ಊರಿನಲ್ಲೇ ಸಿಗುತ್ತಿದ್ದವು. ನಾನು ಹೇಳಿದೆ, ವಾದಿಸಿದೆ. ಹೋಮಕುಂಡ ಮತ್ತೆ ಲಾರಿ ಹತ್ತಿತು, ಆದರೆ ಅಷ್ಟರಲ್ಲಿ ಅರ್ಧ ದಿನ ಹೋಗಿತ್ತು. ಮೊದಲೇ ಒಬ್ಬ ಹಿರಿಯರನ್ನು ಕರೆದು ಕೇಳಿದ್ದರೆ ಒಂದು ಲೋಟ ಕಾಫಿಯ ಹೊತ್ತಿನಲ್ಲಿ ಮುಗಿಯುತ್ತಿತ್ತು.

ಐನ್‌ಮನೆಗಳ ವಿಷಯ ಇನ್ನೂ ಸೂಕ್ಷ್ಮ. ಐನ್‌ಮನೆ ಎಂದರೆ ಕೊಡವರ ಮೂಲ ಮನೆ, ಅದು ಒಂದು ಇಡೀ ಒಕ್ಕದ್ದು, ಅಂದರೆ ಕುಲದ್ದು, ಒಬ್ಬರದ್ದಲ್ಲ. ಜಗಲಿಯ ಐಮರ ಹಿರಿಯರು ಕುಳಿತುಕೊಳ್ಳುವ ಜಾಗ, ಹೂಕುಂಡ ಜೋಡಿಸುವ ಹಲಗೆಯಲ್ಲ. ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪ ಅಲಂಕಾರಕ್ಕೆ ಇಟ್ಟದ್ದಲ್ಲ, ಅಲ್ಲಿ ದಿನವೂ ಬೆಳಕು ಹಚ್ಚುತ್ತಾರೆ. "ಫ್ರೇಮ್‌ಗೆ ಅಡ್ಡ ಬರುತ್ತದೆ, ಬಿಚ್ಚಿಡಿ" ಎಂದು ಒಮ್ಮೆ ಒಬ್ಬರು ಏಣಿ ಹತ್ತಿದಾಗ ನಾನು ಏಣಿಯ ಬುಡ ಹಿಡಿದು ಕೆಳಗಿಳಿಸಿದೆ. ಕ್ಯಾಮೆರಾ ಎರಡು ಅಡಿ ಸರಿಯಿತು, ಶಾಟ್ ಮೊದಲಿಗಿಂತ ಚೆನ್ನಾಗಿ ಬಂತು. ಮನೆಯ ಕೋವಿಯನ್ನೂ ಮುಟ್ಟಬಾರದು, ಚಿತ್ರಕ್ಕೆ ನಕಲು ಕೋವಿ ತರಬೇಕು. ಕಡವೆ ಕೊಂಬು ಬೇಕೆನ್ನುವವರಿಗೆ ಫೈಬರಿನಲ್ಲಿ ಮಾಡಿಸಿ ಕೊಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಎಲ್ಲಿಂದಲೋ ಕೊಂಡು ತರುವ ಮಾತೇ ಇಲ್ಲ.

ನನಗೆ ಅತಿ ನೋವು ಕೊಟ್ಟದ್ದು ಒಂದು ಕಂಬ. ನಮಗಿಂತ ಮೊದಲು ಚಿತ್ರೀಕರಣ ಮಾಡಿ ಹೋದ ಒಂದು ತಂಡ ಒಂದು ಹಳೆಯ ಮನೆಯ ಕೆತ್ತನೆಯ ಕಂಬಕ್ಕೆ ಏಳು ಮೊಳೆ ಹೊಡೆದಿತ್ತು, ಬಟ್ಟೆಯ ತೋರಣ ಕಟ್ಟಲು. ಮೊಳೆ ಕಿತ್ತಲ್ಲೆಲ್ಲ ಮರ ಸೀಳಿತ್ತು. ದಾರದಲ್ಲಿ ಕಟ್ಟಿದ್ದರೆ ಎರಡು ನಿಮಿಷದ ಕೆಲಸ. ಆ ಮನೆಯವರು ಈಗ ಯಾರಿಗೂ ಬಾಗಿಲು ತೆರೆಯುವುದಿಲ್ಲ, ಮತ್ತು ಅವರು ಮಾಡುತ್ತಿರುವುದು ಸರಿ. ನನ್ನ ತಂಡದಲ್ಲಿ ಒಂದು ವಸ್ತು ಕದಲಿಸುವ ಮೊದಲು ಕೋಣೆಯ ಪ್ರತಿ ಗೋಡೆ, ಪ್ರತಿ ಕಪಾಟಿನ ಫೋಟೊ ತೆಗೆಯುತ್ತೇವೆ, ಪೆಟ್ಟಿಗೆಗೆ ಚೀಟಿ ಅಂಟಿಸುತ್ತೇವೆ. ಪ್ಯಾಕಪ್ ಆದಮೇಲೆ ಆ ಫೋಟೊ ಹಿಡಿದೇ ಒಂದೊಂದನ್ನೂ ವಾಪಸು ಇಡುತ್ತೇವೆ. ಎಲ್ಲರೂ ವ್ಯಾನ್ ಹತ್ತಿ ಹೋದಮೇಲೆ ನಡೆಯುವ ಈ ಕೆಲಸಕ್ಕೆ ಕಾಲ್‌ಶೀಟಿನಲ್ಲಿ ಜಾಗವೇ ಇರುವುದಿಲ್ಲ.

ಚಿತ್ರೀಕರಣದ ನಡುವೆಯೂ ಫೋಟೊಗಳೇ ನಮ್ಮ ಕಣ್ಣು. ಕಥೆಯಲ್ಲಿ ಒಂದು ಸಂಜೆ ನಡೆಯುವುದನ್ನು ನಾವು ಆರು ದಿನ ಚಿತ್ರಿಸುತ್ತೇವೆ. ಮೊದಲ ದಿನ ಹಸಿರಾಗಿದ್ದ ಬಾಳೆಗೊನೆ ಆರನೆಯ ದಿನ ಕಪ್ಪಾಗಿರುತ್ತದೆ. ಅದಕ್ಕೇ ಬೇರೆಬೇರೆ ಹದದ ಮೂರು ಗೊನೆ ತಂದಿಟ್ಟುಕೊಳ್ಳುತ್ತೇವೆ. ದೀಪದ ಎಣ್ಣೆ, ಊದುಬತ್ತಿಯ ಉದ್ದ, ಮಡಿಸಿದ ಕಂಬಳಿಯ ಅಂಚು, ಎಲ್ಲವೂ ಹಾಗೆಯೇ ಇರಬೇಕು. ಊಟದ ಬಿಡುವಿನಲ್ಲಿ ಯಾರಾದರೂ ಆ ಕಂಬಳಿಯ ಮೇಲೆ ಮಲಗಿದರೆ ನನಗೆ ನಿಜಕ್ಕೂ ಕೋಪ ಬರುತ್ತದೆ.

ಹೆಸರಿನ ಮಾತು ಬಂದರೆ ಇಷ್ಟು ಹೇಳುತ್ತೇನೆ. ಆಸ್ಕರ್‌ನಲ್ಲಿ ಪ್ರೊಡಕ್ಷನ್ ಡಿಸೈನ್ ಪ್ರಶಸ್ತಿಯನ್ನು ಸೆಟ್ ಡೆಕೊರೇಟರ್ ಕೂಡ ಹಂಚಿಕೊಳ್ಳುತ್ತಾರೆ. 1982ರ 'ಗಾಂಧಿ' ಚಿತ್ರದ ಕಲಾ ನಿರ್ದೇಶನಕ್ಕೆ ಆ ಪ್ರಶಸ್ತಿ ಬಂದಾಗ ಸೆಟ್ ಅಲಂಕರಣದ ಮೈಕಲ್ ಸೀರ್ಟನ್ ಅವರ ಹೆಸರೂ ಅದರಲ್ಲಿತ್ತು. ನಮ್ಮಲ್ಲಿ ನನ್ನಂಥವರು ಕೊನೆಯಲ್ಲಿ ಓಡುವ ಸಣ್ಣಕ್ಷರಗಳ ನಡುವೆ, "ಕಲಾ ಸಹಾಯಕರು" ಎಂಬ ಒಂದೇ ಸಾಲಿನಲ್ಲಿರುತ್ತೇವೆ. ಕೆಲವೊಮ್ಮೆ ಅದೂ ಇರುವುದಿಲ್ಲ. ಈ ಕೆಲಸಕ್ಕೆ ಪ್ರತ್ಯೇಕ ಹೆಸರು ಕೊಡಿ ಎಂದು ಕೇಳುವುದರಲ್ಲಿ ನನಗೆ ಸಂಕೋಚವಿಲ್ಲ. ಹಾಗೆಯೇ ಆ ಅಜ್ಜಿಯಂಥವರ ಹೆಸರೂ ಕೃತಜ್ಞತೆಯ ಸಾಲಿನಲ್ಲಿ ಬರಬೇಕು. ಕಳೆದ ವರ್ಷದ ಚಿತ್ರದಲ್ಲಿ ಬರುತ್ತದೆ. ನಿರ್ದೇಶಕರು ಒಪ್ಪಿದ್ದಾರೆ.

ಈಗ ಒಂದು ಕೋರಿಕೆ. ಜನವರಿಯಲ್ಲಿ ಸೋಮವಾರಪೇಟೆ ಕಡೆ ಹೊಸ ಕೆಲಸ ಶುರುವಾಗುತ್ತಿದೆ. 1960ರ ದಶಕದ ಲೈನ್ ಮನೆಯೊಂದರ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯೊಂದರ, ಒಳಭಾಗ ಸಿದ್ಧಪಡಿಸಬೇಕು. ಬಂಗಲೆಯ ಸಾಮಾನು ಎಲ್ಲರೂ ಉಳಿಸಿಕೊಂಡಿದ್ದಾರೆ, ತೋಟದಲ್ಲಿ ದುಡಿದವರ ಮನೆಯದ್ದು ಉಳಿದಿರುವುದು ಬಹಳ ಕಡಿಮೆ. ಹಳೆಯ ತಗಡಿನ ಪೆಟ್ಟಿಗೆ, ಚಿಮಣಿ ದೀಪ, ತೇಪೆ ಹಾಕಿದ ಕಂಬಳಿ, ಕಾಫಿ ಕೊಯ್ಯುವಾಗ ಸೊಂಟಕ್ಕೆ ಕಟ್ಟುತ್ತಿದ್ದ ಚೀಲ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ನೋಡಲು ಬಿಟ್ಟರೂ ಸಾಕು, ಅಳತೆ ತೆಗೆದುಕೊಂಡು ಹಾಗೆಯೇ ಮಾಡಿಸುತ್ತೇನೆ. ಲೈನ್ ಮನೆಯಲ್ಲಿ ಬೆಳೆದ ಹಿರಿಯರು ಮನೆಯಲ್ಲಿದ್ದರೆ ಒಂದು ಸಂಜೆ ಬಂದು ಅವರ ಜೊತೆ ಕುಳಿತು ಕೇಳಿಕೊಳ್ಳುತ್ತೇನೆ: ಒಲೆ ಎಲ್ಲಿತ್ತು, ಮಕ್ಕಳು ಎಲ್ಲಿ ಮಲಗುತ್ತಿದ್ದರು, ಕೆಲಸದಿಂದ ಬಂದವರು ಕತ್ತಿ ಎಲ್ಲಿಡುತ್ತಿದ್ದರು.