ಒಂದೇ ಕ್ಯಾಟಲಾಗ್ ಬೇಕೇ ಬೇಕು ಸರ್

ರಾಜ್ಯದ ಎಲ್ಲಾ ಗ್ರಂಥಾಲಯಗಳಿಗೂ ಸೇರಿ ಒಂದೇ ಕ್ಯಾಟಲಾಗ್, ಅಂದ್ರೆ ಯಾವ ಪುಸ್ತಕ ಎಲ್ಲಿದೆ ಅಂತ ತಿಳಿಸೋ ಪಟ್ಟಿ ಬೇಕು ಅಂತ ಬರ್ದಿದೀರಲ್ಲ ಸರ್, ನೂರಕ್ಕೆ ನೂರು ನಿಜ. ನಾನು ಗ್ರಾಮ ಪಂಚಾಯ್ತಿ ಅರಿವು ಕೇಂದ್ರದ, ಅಂದ್ರೆ ಊರಿನ ಗ್ರಂಥಾಲಯದ ಮೇಲ್ವಿಚಾರಕಿ. 2019ರಲ್ಲಿ ನಮ್ಮನ್ನ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದ ಮೇಲೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಸಂಜೆ ಮಕ್ಕಳು ಬಂದು ಕೂರ್ತಾರೆ, ತುಂಬಾ ಖುಷಿ ಆಗತ್ತೆ. ಆದ್ರೆ ಪುಸ್ತಕದ ಲೆಕ್ಕ ಮಾತ್ರ ಇನ್ನೂ ಹಳೇ ರಿಜಿಸ್ಟರಲ್ಲೇ ಇದೆ. ಅದ್ರಲ್ಲಿ ಒಂದು ಪುಟದಲ್ಲಿ ಕುವೆಂಪು ಅಂತಿದೆ, ಇನ್ನೊಂದು ಪುಟದಲ್ಲಿ ಪುಟ್ಟಪ್ಪ ಕೆ.ವಿ. ಅಂತಿದೆ, ಹುಡುಕೋ ಮಕ್ಕಳಿಗೆ ಇಬ್ರೂ ಒಬ್ರೇ ಅಂತ ಹೇಗೆ ಗೊತ್ತಾಗ್ಬೇಕು ಹೇಳಿ. ಇದನ್ನ ಊರೂರಲ್ಲೂ ಒಬ್ಬೊಬ್ರೇ ಕೂತು ತಿದ್ದೋ ಬದ್ಲು ಒಂದು ಕಡೆ ಸರಿಯಾಗಿ ಎಂಟ್ರಿ ಮಾಡಿ ಎಲ್ರಿಗೂ ಕೊಟ್ರೆ ಆಯ್ತಲ್ವಾ, ಗ್ರಂಥಾಲಯದ ಪುಸ್ತಕದ ಲೆಕ್ಕ ಇಡೋ ಕೋಹಾ ಸಾಫ್ಟ್‌ವೇರ್ ಫ್ರೀ ಇದೆ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯವ್ರ ಅಂಥದ್ದೇ ಇ-ಗ್ರಂಥಾಲಯನೂ ಇದೆ, ಕನ್ನಡದಲ್ಲೇ ಟೈಪ್ ಮಾಡ್ಬೋದು. ಮೊನ್ನೆ ಕೆಎಎಸ್‌ಗೆ ಓದ್ತಿರೋ ಹುಡುಗಿ ಒಂದು ಇತಿಹಾಸದ ಪುಸ್ತಕ ಕೇಳಿದ್ಳು, ಇಲ್ಲ ಅಂತ ಕಳಿಸ್ದೆ, ಆಮೇಲೆ ನೋಡಿದ್ರೆ ಆರು ಕಿಲೋಮೀಟರ್ ದೂರದ ಪಕ್ಕದ ಪಂಚಾಯ್ತೀಲಿ ಅದೇ ಪುಸ್ತಕ ಎರಡು ಕಾಪಿ ಇತ್ತು, ಯಾರೂ ಮುಟ್ಟೇ ಇರ್ಲಿಲ್ಲ.