ಯೂಟ್ಯೂಬ್ ಭಂತೆಗೆ ನನ್ನ ಭುಜ ಕಾಣಲಿಲ್ಲ

ಎರಡು ವರ್ಷ ನಾನು ಧ್ಯಾನ ಕಲಿತದ್ದು ಫೋನಿನಲ್ಲಿ. ಥಾಯ್ಲೆಂಡಿನ ಅರಣ್ಯ ಪರಂಪರೆಯ ಒಬ್ಬ ಭಂತೆ, ಅಂದರೆ ಬೌದ್ಧ ಭಿಕ್ಷು. ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ, ಚೆನ್ನಾಗಿ ನಗಿಸುತ್ತಾರೆ. ಕ್ಯಾಬ್ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಒಂದು ಪ್ರವಚನ ಮುಗಿಯುತ್ತಿತ್ತು. ಟೈಮ್ ಕಮ್ಮಿ ಇದ್ದ ದಿನ ಸ್ಪೀಡ್ ಒಂದೂವರೆ ಪಟ್ಟು. ಅವಸರ ಬೇಡ, ಉಸಿರು ತನ್ನ ಪಾಡಿಗೆ ಬರಲಿ ಅನ್ನೋ ಮಾತನ್ನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳಿದವಳು ನಾನು. ನಗಬೇಡಿ, ನೀವೂ ಏನಾದರೊಂದನ್ನು ಹಾಗೆ ಕೇಳಿರ್ತೀರಿ.

ಆಮೇಲೆ ಒಂದು ಸಲ ಹತ್ತು ದಿನ ರಜೆ ಹಾಕಿ ತುಮಕೂರು ರಸ್ತೆಯ ಕಡೆ ಇರುವ ಧಮ್ಮ ಪಫುಲ್ಲ ಕೇಂದ್ರಕ್ಕೆ, ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋದೆ. ಫೋನ್ ಒಳಗಿಡಿಸಿಕೊಂಡರು. ಬೆಳಗ್ಗೆ 4ಕ್ಕೆ ಗಂಟೆ, 4.30ಕ್ಕೆ ಕೂರಬೇಕು, ಯಾರ ಜೊತೆಗೂ ಮಾತಿಲ್ಲ. ಅಲ್ಲಿ ಆಗಾಗ ಸಹಾಯಕ ಆಚಾರ್ಯರು ನಾಲ್ಕೈದು ಜನರನ್ನು ಮುಂದೆ ಕರೆದು ಕೂರಿಸಿಕೊಂಡು ವಿಚಾರಿಸುತ್ತಾರೆ. ಹೆಂಗಸರಿಗೆ ಹೆಂಗಸರೇ. ನನ್ನ ಸರದಿ ಬಂತು.

"ಉಸಿರು ಗೊತ್ತಾಗ್ತಿದೆಯಾಮ್ಮಾ?"

"ಚೆನ್ನಾಗಿ ಗೊತ್ತಾಗ್ತಿದೆ ಮೇಡಂ." ಎರಡು ವರ್ಷದ ಅನುಭವ ಅಲ್ವಾ, ಸ್ವಲ್ಪ ಜಂಬವೂ ಇತ್ತು.

ಅವರು ನನ್ನನ್ನೇ ಒಂದು ನಿಮಿಷ ನೋಡಿದರು. "ಗೊತ್ತಾಗ್ತಾ ಇಲ್ಲಮ್ಮ, ನೀವೇ ಎಳೀತಿದ್ದೀರಿ. ಭುಜ ನೋಡಿ, ಕಿವಿ ಹತ್ರ ಬಂದಿದೆ."

ಎರಡು ವರ್ಷ! ಎರಡು ವರ್ಷ ಭುಜ ಎತ್ತಿಕೊಂಡು ಕೂತಿದ್ದೆ. ಕೂತೆದ್ದ ಮೇಲೆ ಕತ್ತು ನೋವು ಬಂದರೆ ಅದೂ ಸಾಧನೆಯ ಲಕ್ಷಣವೇನೋ ಅಂದುಕೊಂಡಿದ್ದೆ. ಪಾಪ, ಯೂಟ್ಯೂಬ್ ಭಂತೆಯ ತಪ್ಪೇನಿದೆ? ಅವರಿಗೆ ನಾನು ಕಾಣಿಸುತ್ತಲೇ ಇರಲಿಲ್ಲ.

ಇದನ್ನು ಹೇಳಿದರೆ ಗೆಳೆಯರು "ನೋಡು, ಅದಕ್ಕೇ ಗುರು ಎದುರಿಗೇ ಇರಬೇಕು ಅನ್ನೋದು" ಅನ್ನುತ್ತಾರೆ. ಅಷ್ಟು ಸುಲಭ ಅಲ್ಲ. ಅದೇ ಶಿಬಿರದಲ್ಲಿ ದಿನವೂ ಸಂಜೆ ನಮಗೆ ಪ್ರವಚನ ಕೊಟ್ಟವರು ಈ ವಿಪಶ್ಯನ ಶಿಬಿರಗಳನ್ನು ಶುರು ಮಾಡಿದ ಗೋಯೆಂಕಾ ಅವರು, ಮತ್ತು ಅವರು ತೀರಿಕೊಂಡದ್ದು 2013ರಲ್ಲಿ. ಹಾಲ್‌ನಲ್ಲಿ ಕೇಳುವ ದನಿ ರೆಕಾರ್ಡಿಂಗು, ರಾತ್ರಿ ನೋಡುವುದು ವಿಡಿಯೋ. ಅಂದರೆ ಪಾಠ ಅಲ್ಲೂ ಪರದೆಯಿಂದಲೇ ಬಂತು. ತಿದ್ದಿದ್ದು ಮಾತ್ರ ಕಾಟನ್ ಸೀರೆ ಉಟ್ಟು ಎದುರಿಗೆ ಕೂತಿದ್ದ ಒಬ್ಬ ಹೆಂಗಸು. ಅವರು ತಮ್ಮನ್ನು ಗುರು ಅಂತ ಕರೆದುಕೊಳ್ಳಲೂ ಇಲ್ಲ.

ಉಲ್ಟಾನೂ ನೋಡಿದ್ದೇನೆ. ಬೈಲಕುಪ್ಪೆಯಲ್ಲಿ ದೊಡ್ಡ ಲಾಮಾ ಒಬ್ಬರ ಉಪದೇಶಕ್ಕೆ ಹೋಗಿದ್ದೆ. ಸಾವಿರಾರು ಜನ. ನಾನು ಕೂತ ಜಾಗದಿಂದ ಅವರು ಒಂದು ಹಳದಿ ಚುಕ್ಕೆ. ಮಾತು ಟಿಬೆಟನ್ ಭಾಷೆಯಲ್ಲಿ, ಅನುವಾದ ಎಫ್‌ಎಂನಲ್ಲಿ. ಒಂದೇ ಅಂಗಳದಲ್ಲಿ ಕೂತು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರೇಡಿಯೋ ಕೇಳಿ ಬಂದೆ. ಅದನ್ನು ಎದುರಾಬದುರು ಭೇಟಿ ಅಂತ ಹೇಗೆ ಅನ್ನಲಿ?

ಆದರೆ ಅಲ್ಲೇ ಸೆರಾ ಮಠದಲ್ಲಿ ನೋಡಿದ ಇನ್ನೊಂದು ದೃಶ್ಯ ಇದೆ. ನಮ್ಮ ಜನ ಕೊಡಗಿಗೆ ಹೋಗುವಾಗ ಗೋಲ್ಡನ್ ಟೆಂಪಲ್‌ನಲ್ಲಿ ಸೆಲ್ಫಿ ತೆಗೆದುಕೊಂಡು, ಮೊಮೊ ತಿಂದು ಮುಂದೆ ಹೋಗಿಬಿಡುತ್ತಾರೆ, ಇನ್ನು ಸ್ವಲ್ಪ ದೂರ ಆಟೋ ಹಿಡಿದರೆ ಸೆರಾ ಸಿಗುತ್ತದೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅಲ್ಲಿ ಭಿಕ್ಷುಗಳು ವಾದ ಮಾಡುತ್ತಾರೆ. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಎಸೆದು ಕಾಲು ನೆಲಕ್ಕೆ ಬಡಿದು ಕೈಯನ್ನು ಪಟ್ ಅಂತ ಹೊಡೆಯುತ್ತಾನೆ. ಉತ್ತರ ಎಡವಿದರೆ "ತ್ಸಾ!" ಅಂತ ಮುಖದ ಮೇಲೇ ಕೂಗು. ಗೆಶೆ ಅನ್ನೋ ಅವರ ದೊಡ್ಡ ಪದವಿಗೆ ಸುಮಾರು 20 ವರ್ಷ ಓದು. ಗ್ರಂಥಗಳೆಲ್ಲ ಬಾಯಿಪಾಠ ಇರುವವರಿಗೂ ಎದುರಿಗೆ ನಿಂತು "ತ್ಸಾ" ಅನ್ನೋಕೆ ಒಬ್ಬರು ಬೇಕು. ಯೂಟ್ಯೂಬ್ ಯಾವತ್ತೂ ನನಗೆ ತ್ಸಾ ಅನ್ನಲಿಲ್ಲ. ಬೇಜಾರಾದರೆ ನಾನೇ ವಿಡಿಯೋ ಬದಲಾಯಿಸುತ್ತಿದ್ದೆ.

ನಮ್ಮನ್ನು ಅವರು ನೋಡೋದು ಒಂದು ಕಡೆ. ನಾವು ಅವರನ್ನು ನೋಡೋದು? ಅಂಗುತ್ತರ ನಿಕಾಯ ಅನ್ನೋ ಪಾಲಿ ಗ್ರಂಥದಲ್ಲಿ ಬುದ್ಧ ಹೇಳುವ ಮಾತೊಂದಿದೆ: ಒಬ್ಬನ ಶೀಲ ಗೊತ್ತಾಗೋದು ಜೊತೆಗೆ ಬಾಳಿದಾಗ, ಅದೂ ಬಹಳ ಕಾಲ ಬಾಳಿದಾಗ, ಅದೂ ಗಮನ ಇಟ್ಟು ನೋಡುವವನಿಗೆ. ಟಿಬೆಟಿನವರಲ್ಲಂತೂ ಗುರುವನ್ನು 12 ವರ್ಷ ಪರೀಕ್ಷೆ ಮಾಡು ಅನ್ನೋ ಮಾತೇ ಇದೆ. ಕ್ಯಾಮೆರಾ ಮುಂದೆ ಒಂದು ಗಂಟೆ ಯಾರು ಬೇಕಾದರೂ ಶಾಂತವಾಗಿರಬಹುದು. ಅಡುಗೆಯವನು ಸಾರಿಗೆ ಉಪ್ಪು ಮರೆತ ದಿನ ಹೇಗಿರುತ್ತಾರೆ ಅನ್ನೋದು ಲೈವ್‌ನಲ್ಲಿ ಬರಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಮ್ಮವರು ಸುಮ್ನೆ ಹೇಳಿದ್ದಲ್ಲ.

ಆದರೆ ಹತ್ತಿರ ಇದ್ದರೆ ಸಾಕಾ? ಪಶ್ಚಿಮದ ದೇಶಗಳಲ್ಲಿ ಹೆಸರಾಗಿದ್ದ ಟಿಬೆಟನ್ ಗುರು ಸೋಗ್ಯಾಲ್ ರಿಂಪೋಚೆ ವಿಷಯ ನೆನಪಿರಬಹುದು. 2017ರಲ್ಲಿ ಅವರ ಎಂಟು ಜನ ಹಳೇ ಶಿಷ್ಯರು ಪತ್ರ ಬರೆದರು, ಹೊಡೆತದ ಬಗ್ಗೆ, ಲೈಂಗಿಕ ದೌರ್ಜನ್ಯದ ಬಗ್ಗೆ. ಅವರೇನು ಆನ್‌ಲೈನ್ ಶಿಷ್ಯರಲ್ಲ, ವರ್ಷಾನುಗಟ್ಟಲೆ ಪಕ್ಕದಲ್ಲೇ ಇದ್ದವರು. ಕಾಣುತ್ತಿತ್ತು, ಪ್ರಶ್ನೆ ಕೇಳುವ ಹಾಗಿರಲಿಲ್ಲ. ಆ ಪತ್ರ ಊರೆಲ್ಲ ಮುಟ್ಟಿದ್ದು ಇಂಟರ್ನೆಟ್‌ನಿಂದ. ಸೋಗ್ಯಾಲ್ ತಮ್ಮ ಸ್ನೇಹಿತರೇ ಆಗಿದ್ದರೂ ದಲೈ ಲಾಮಾ ಕೂಡ ಅದೇ ವರ್ಷ ಲಡಾಖಿನಲ್ಲಿ ಅವರ ಹೆಸರು ಹಿಡಿದೇ ಮಾತಾಡಿದರು. ಹಾಗಾಗಿ ಯಾರಾದರೂ "ಎದುರಿಗಿರೋ ಗುರುವೇ ಶ್ರೇಷ್ಠ" ಅಂದಾಗ ನಾನು ಕೇಳೋದು ಎರಡೇ. ಅವರಿಗೆ ನೀವು ಕಾಣ್ತೀರಾ? ಅವರನ್ನು ನೀವು ಪ್ರಶ್ನೆ ಕೇಳಬಹುದಾ? ಎರಡೂ ಇಲ್ಲದಿದ್ದರೆ ಮುಂದಿನ ಸಾಲಲ್ಲಿ ಕೂತರೂ ಅದು ವಿಡಿಯೋನೇ.

(ಕೆಲವು ಸಾವಿರ ರೂಪಾಯಿಗೆ ವಾಟ್ಸಾಪ್ ಗ್ರೂಪಿನಲ್ಲಿ "ಜ್ಞಾನೋದಯ" ಮಾರುವವರ ಬಗ್ಗೆ ಏನೂ ಬರೆಯಲ್ಲ. ವಿಪಶ್ಯನದಲ್ಲಿ ಹತ್ತು ದಿನ ಊಟ ಹಾಕಿ ಫೀಸೇ ಕೇಳಲ್ಲ, ಒಂದು ಕೋರ್ಸ್ ಮುಗಿಸದವರಿಂದ ದಾನವನ್ನೂ ತಗೊಳ್ಳಲ್ಲ. ಹೋಲಿಸಿಕೊಳ್ಳಿ ಅಷ್ಟೇ.)

ನನಗೇನೋ ಬೆಂಗಳೂರಿನಲ್ಲಿ ಅನುಕೂಲ ಇದೆ. ಗಾಂಧಿನಗರದಲ್ಲಿ 1956ರಿಂದ ಮಹಾಬೋಧಿ ಸೊಸೈಟಿ ಇದೆ, ಆಚಾರ್ಯ ಬುದ್ಧರಕ್ಖಿತರು ಕಟ್ಟಿದ್ದು. ಮೆಜೆಸ್ಟಿಕ್‌ನಿಂದ ನಡೆದೇ ಹೋಗಬಹುದು. ಭಾನುವಾರ ಹೋಗುತ್ತೇನೆ, ಒಂದಿಬ್ಬರು ಭಿಕ್ಷುಗಳಿಗೆ ಈಗ ನನ್ನ ಮುಖ ಪರಿಚಯ.

ನಮ್ಮ ಆಫೀಸಿನ ಒಬ್ಬರದ್ದು ಆಳಂದ ಕಡೆಯ ಹಳ್ಳಿ. ಬಾಬಾಸಾಹೇಬರ ದಾರಿಯಲ್ಲಿ ತಾತನ ಕಾಲದಲ್ಲೇ ಬೌದ್ಧರಾದ ಮನೆತನ. ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್ ಇಬ್ಬರೂ ಇದ್ದಾರೆ, ಆದರೆ ಹತ್ತಿರದಲ್ಲಿ ಒಬ್ಬ ಭಿಕ್ಷುವೂ ಇಲ್ಲ. ಕಲಬುರಗಿಗೆ ಪದೇ ಪದೇ ಹೋಗೋಕೆ ಅವರ ತಾಯಿಗೆ ಮಂಡಿನೋವು. ಆ ತಾಯಿ ಒಬ್ಬ ಭಂತೆಯವರನ್ನು ಮುಖತಃ ನೋಡಿದ್ದು ಎರಡೇ ಸಲ, ಉಳಿದದ್ದೆಲ್ಲ ವಿಡಿಯೋ ಕಾಲ್. ಮೊನ್ನೆ ಮಗ ರಜೆಗೆ ಊರಿಗೆ ಹೋಗಿದ್ದಾಗಲೂ ಕಾಲ್ ಬಂತಂತೆ. ಅಮ್ಮ ಬೆಳಗ್ಗೆಯೇ ತಲೆ ಬಾಚಿ, ಬಿಳಿ ಸೀರೆ ಉಟ್ಟು ಕಾಯುತ್ತಿದ್ದರಂತೆ. ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನೋ ತ್ರಿಸರಣ ಮುಗಿದದ್ದೇ ಭಂತೆ ಕೇಳಿದರು:

"ಯವ್ವಾ, ಸೊಸಿ ಸಂಗಟ ಮಾತಾಡೀರೋ ಇಲ್ಲೋ?"

"ಇನ್ನಾ ಇಲ್ರೀ ಭಂತೇಜಿ."

"ಹಂಗಾದ್ರ ಕಣ್ಣು ಮುಚ್ಚಿ ಕೂಡೋದು ಆಮ್ಯಾಲ. ಮೊದ್ಲ ಆಕಿನ್ನ ಕರೀರಿ."