ಮೂರನೇ ಸೂಲಿಗೇ ಮುಗಿಯುವ ಹಸು

ತಳಿಗೆಂದು ಆರಿಸುವ ಹೋರಿಗಳ ಪಟ್ಟಿ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಅವುಗಳ ಹೆಣ್ಣುಕರುಗಳ ಹಾಲಿನ ಅಂಕಿಗೆ ಹೋಗುತ್ತದೆ. ನನ್ನದೂ ಬಹಳ ಕಾಲ ಅಲ್ಲಿಗೇ ಹೋಗುತ್ತಿತ್ತು. ಈಗ ಅದನ್ನು ಕೊನೆಗೆ ನೋಡುತ್ತೇನೆ.

ಹಸು 20 ವರ್ಷ ಬದುಕಬಲ್ಲ ಪ್ರಾಣಿ. ಆದರೆ ಹೆಚ್ಚು ಹಾಲಿನ ದೊಡ್ಡ ಹಿಂಡುಗಳಲ್ಲಿ ಅದು ಐದಾರು ವರ್ಷಕ್ಕೇ, ಮೂರು ಸೂಲು ಮುಗಿಯುವಷ್ಟರಲ್ಲಿ, ಕೊಟ್ಟಿಗೆ ಬಿಡುತ್ತದೆ. ಮೊದಲ ಎರಡು ವರ್ಷ ಕಡಸಾಗಿ ತಿಂದದ್ದೆಲ್ಲ ಬರೀ ಖರ್ಚು. ಅದು ತೀರುವಾಗ ಎರಡನೇ ಸೂಲು ನಡೆದಿರುತ್ತದೆ. ಹಾಲು ತುದಿ ಮುಟ್ಟುವುದು ನಾಲ್ಕೈದನೇ ಸೂಲಿನಲ್ಲಿ. ಫಲ ಹಿಡಿಯುವ ಹೊತ್ತಿಗೆ ಮರ ಕಡಿದಂತೆ.

ಆಯುಷ್ಯ ನೋಡಿ ಹೋರಿ ಆರಿಸಿದರಾಯಿತು ಎನ್ನುತ್ತಾರೆ. ಅಮೆರಿಕದ ಹೋರಿಗಳ ಮೌಲ್ಯಮಾಪನದಲ್ಲಿ 1994ರಿಂದಲೇ ‘ಉತ್ಪಾದಕ ಆಯುಷ್ಯ’ಕ್ಕೆ ಅಂಕಿ ಇದೆ. ನನ್ನ ತಕರಾರು ಇರುವುದು ಇಲ್ಲೇ. ಹಸುವನ್ನು ಮಾಲೀಕ ಎಷ್ಟು ದಿನ ಇಟ್ಟುಕೊಂಡ ಎಂಬುದು ಹಸುವಿನ ಗುಣವಾಗಿ ದಾಖಲಾಗುತ್ತದೆ. ಕಡಸುಗಳು ತುಂಬಿದ್ದರೆ ಗಟ್ಟಿಮುಟ್ಟಾದ ಹಸುವೂ ಹೊರಗೆ ಹೋಗುತ್ತದೆ; ಕಡಸಿಲ್ಲದ ವರ್ಷ ಕುಂಟುವ ಹಸುವೂ ದೀರ್ಘಾಯುಷಿ! ಈ ಗುಣದ ಅನುವಂಶೀಯತೆ, ಅಂದರೆ ಹಸು ಹಸುವಿನ ನಡುವಿನ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು, ಶೇ. 10ರ ಆಸುಪಾಸಿನಲ್ಲೇ ಉಳಿದಿರುವುದರಲ್ಲಿ ಆಶ್ಚರ್ಯವೇನಿದೆ? ಹಾಲಿನ ಇಳುವರಿಯದು ಶೇ. 20ರಿಂದ 30.

ಹಾಗೆಂದು ಕೈಬಿಡಬೇಕೆ? ಖಂಡಿತ ಬೇಡ. ಅನುವಂಶೀಯತೆ ಕಡಿಮೆ ಎಂದರೆ ಮೇವು, ನೆಲ, ಆರೈಕೆಗಳ ಗದ್ದಲ ಹೆಚ್ಚು ಎಂದರ್ಥ, ಹೋರಿ ಹೋರಿಗೆ ವ್ಯತ್ಯಾಸವೇ ಇಲ್ಲವೆಂದಲ್ಲ. ನೂರಾರು ಹೆಣ್ಣುಕರುಗಳ ದಾಖಲೆ ಸೇರಿದಾಗ ಆ ಗದ್ದಲ ತಣಿಯುತ್ತದೆ. ನಾರ್ವೆಯವರು 1970ರ ದಶಕದಲ್ಲೇ ಕೆಚ್ಚಲು ಬಾವನ್ನೂ ಗಬ್ಬ ನಿಲ್ಲುವ ಗುಣವನ್ನೂ ತಳಿ ಆಯ್ಕೆಯ ಲೆಕ್ಕಕ್ಕೆ ತಂದರು. ಅದು ನನಗೆ ಹೆಚ್ಚು ಪ್ರಾಮಾಣಿಕ ದಾರಿ ಎನಿಸುತ್ತದೆ. ಹಸು ಯಾವ ಕಾರಣಕ್ಕೆ ಹಿಂಡು ಬಿಡುತ್ತದೋ ಆ ಕಾರಣವನ್ನೇ ಹಿಡಿಯಬೇಕು: ಬೆದೆಗೆ ಬಂದರೂ ಗಬ್ಬ ನಿಲ್ಲದಿರುವುದು, ಜೋತುಬಿದ್ದ ಕೆಚ್ಚಲು, ಕೆಟ್ಟ ಗೊರಸು. ಇವು ಮೊದಲ ಸೂಲಿನಲ್ಲೇ ಕಾಣುತ್ತವೆ. ಆಯುಷ್ಯ ತಿಳಿಯಬೇಕಾದರೆ ಹಸು ಹೋಗುವವರೆಗೆ ಕಾಯಬೇಕು. 2009ರಿಂದ ಜೀನೋಮ್ (ವಂಶವಾಹಿಗಳ) ಪರೀಕ್ಷೆ ಕರುವಿನಲ್ಲೇ ಅಂದಾಜು ಕೊಡುತ್ತಿದೆ, ನಿಜ. ಆದರೆ ಆ ಅಂದಾಜಿನ ಬುಡದಲ್ಲಿರುವುದೂ ಹಿಂದಿನ ಮಾಲೀಕರ ಅದೇ ತೀರ್ಮಾನಗಳು.

ಹಳೆಯ ಹಸು ಇಟ್ಟುಕೊಂಡರೆ ತಳಿ ಸುಧಾರಣೆ ನಿಧಾನವಾಗುತ್ತದೆ ಎಂಬ ವಾದವನ್ನು ತಳ್ಳಿಹಾಕಲಾರೆ. ಪ್ರತಿ ವರ್ಷದ ಕಡಸು ತಾಯಿಗಿಂತ ಸ್ವಲ್ಪ ಮುಂದಿರಬೇಕು, ಇಲ್ಲದಿದ್ದರೆ ಆಯ್ಕೆಗೆ ಅರ್ಥವಿಲ್ಲ. ಆದರೆ ಮುಂದೆ ಎಂದರೆ ಯಾವುದರಲ್ಲಿ?

ನನ್ನಲ್ಲಿ ಎಂಟನೇ ಸೂಲಿನ ಹಸುವೊಂದಿದೆ. ಹಾಲಿನಲ್ಲಿ ಎಂದೂ ಮೊದಲ ಸ್ಥಾನಕ್ಕೆ ಬಂದದ್ದಲ್ಲ. ಅದರ ಚಿಕಿತ್ಸೆಯ ಪುಟದಲ್ಲಿ ಇರುವುದು ಎರಡೇ ಸಾಲು.